ಕೊಂಡೆಕ್ಕಿದ ಬೆಂಕಿ

ನಮ್ಮ ಮನೆಯಲ್ಲಿ ದೇವರ ಪೂಜೆಗಿಂತ ಮೊದಲು ಬೂದಿ ಒರೆಸುವ ಕೆಲಸ ಆಗಬೇಕಿತ್ತು. ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ ನಮಗೆ ಕೊಟ್ಟದ್ದು ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಜಾಲರಿ ಬಡಿದ ಒಂದು ವರಾಂಡ ಇದ್ದ ಕ್ವಾರ್ಟರ್ಸು. ಅಡುಗೆಮನೆಯ ಕಿಟಕಿಯಲ್ಲಿ ಸ್ಥಾವರದ ಚಿಮಣಿಗಳು ನಿಂತಿದ್ದವು. ನಾವು ಮಲಗಿದ್ದಾಗ ಅವು ಉಗುಳಿದ ಬೂದಿ ಬೆಳಗಾಗುವಷ್ಟರಲ್ಲಿ ಕಟ್ಟೆಯ ಮೇಲೆ, ತುಳಸಿ ಎಲೆಯ ಮೇಲೆ, ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಜರಡಿ ಹಿಡಿದ ಹಿಟ್ಟಿನ ಹಾಗೆ ಕೂತಿರುತ್ತಿತ್ತು. ಅವ್ವ ಒದ್ದೆ ಬಟ್ಟೆ ಹಿಡಿದು ಮುಂದೆ, ನಾನು ಒಣ ಬಟ್ಟೆ ಹಿಡಿದು ಹಿಂದೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ವರಾಂಡದ ಮಂಚದ ಮೇಲೆ ಕಾಲು ಮಡಚಿ ಕೂತು, ಎಲ್ಲಿ ಒರೆಸಿಲ್ಲ, ಎಲ್ಲಿ ಒರೆಸಿದ ಹಾಗೆ ಮಾಡಿದ್ದೇವೆ ಎಂದು ಬೆರಳು ತೋರಿಸುವವಳು. ತೋರಿಸುವುದು ಮುಗಿದ ಮೇಲೆ ದಿನಾ ಒಂದೇ ಮಾತು:

"ಈ ಊರಾಗ ಈಬತ್ತಿ ಕೊಳ್ಳೂ ಖರ್ಚಿಲ್ಲ ನೋಡ್ರಿ. ಮುಂಜಾನೆದ್ದು ಅಂಗಳದಾಗ ಹಣಿ ಒಡ್ಡಿ ನಿಂತ್ರ ಮುಗೀತು."

ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಈ ತಮಾಷೆ ಹಿಡಿಸುತ್ತಿರಲಿಲ್ಲ.

"ಬೈಬ್ಯಾಡ ಯವ್ವಾ. ಆ ಚಿಮಣಿ ಹೊಗಿ ನಿಂತ ದಿನಾ ನಮ್ಮ ಒಲಿ ಹೊಗೀನೂ ನಿಂತಂಗ."

"ಬೈದಿಲ್ಲಪಾ. ಪ್ರಸಾದ ಅಂದೆ."

ಹೊಗೆಯ ವಿಷಯದಲ್ಲಿ ಆಯಿಯ ಮೂಗು ಬಹಳ ಚುರುಕು. ಕಲ್ಲಿದ್ದಲಿನ ಹೊಗೆ ಪಟಾಕಿ ಸುಟ್ಟ ಮರುದಿನದ ಅಂಗಳದ ಹಾಗೆ ನಾರುತ್ತದೆ, ಕಾಲೊನಿಯ ಹಿಂದಿನ ಗುಡಿಸಲುಗಳ ಸೌದೆ ಒಲೆಯದು ಕಣ್ಣಿಗೆ ಹೋಗುತ್ತದೆ, ಗುಡ್ಡದ ಕಡೆಯಿಂದ ಬರುವುದು ಬೀಡಿಯ ಹಾಗೆ ಸಿಹಿ ಸಿಹಿಯಾಗಿ ಗಂಟಲಲ್ಲಿ ಕೂರುತ್ತದೆ. ಇದನ್ನೆಲ್ಲ ಆಕೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಗದಗಿನ ಕಡೆಯ ಎರೆನೆಲದಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ಗಿಡ ಅಂದರೆ ಬಾವಿಯ ಹತ್ತಿರದ್ದೊಂದು, ಗುಡಿಯ ಹತ್ತಿರದ್ದೊಂದು. ಊರು ದಾಟಿದ ಬಯಲು ಹೊಲಕ್ಕೇ ಅವರು ಅಡವಿ ಎನ್ನುವ ಜನ. ಕೊಂಡಪಲ್ಲಿಯ ಗುಡ್ಡಸಾಲು, ಅದರ ಮೈತುಂಬ ಬಿದಿರು, ಬೀಡಿ ಎಲೆಯ ಗಿಡ, ಬೊಂಬೆ ಕೆತ್ತುವ ಹಗುರ ಮರ ಇವನ್ನೆಲ್ಲ ಮೊದಲ ಸಲ ನೋಡಿದಾಗ "ಇಷ್ಟಕ್ಕೂ ನೀರು ಯಾರು ಹಾಕ್ತಾರ?" ಎಂದು ಕೇಳಿದ್ದಳಂತೆ. ಬೇಸಿಗೆಯಲ್ಲಿ ಆ ಗುಡ್ಡದ ಯಾವುದೋ ಮೂಲೆಗೆ ಬೆಂಕಿ ಬೀಳುವುದು ಅಲ್ಲಿಯವರಿಗೆ ಹೊಸದಲ್ಲ. ದನ ಕಾಯುವವರು ಹೊಸ ಹುಲ್ಲು ಚಿಗುರಲಿ ಎಂದು ಹಚ್ಚುತ್ತಿದ್ದರು, ಯಾರೋ ಸೇದಿದ ಬೀಡಿ ಎಸೆಯುತ್ತಿದ್ದರು. ಅದು ಒಂದಷ್ಟು ಉರಿದು ತಾನೇ ಸುಮ್ಮನಾಗುತ್ತಿತ್ತು. ಆಯಿ ಮಾತ್ರ ಪ್ರತಿಸಲವೂ ಆ ಹೊಗೆ ಇಳಿಯುವ ತನಕ ವರಾಂಡ ಬಿಟ್ಟು ಏಳುತ್ತಿರಲಿಲ್ಲ. ಒಂದು ಗಿಡ ಕಡಿಯಬೇಕಾದರೂ ಕೈಮುಗಿದು ಕಡಿಯುವ ಊರಿನವಳು ಆಕೆ.

ನನ್ನ ಕನ್ನಡ ಆಯಿಯ ಮಂಚದ ಮೇಲೆ ಕಲಿತದ್ದು. ಶಾಲೆಯಲ್ಲಿ ತೆಲುಗು, ಇಂಗ್ಲಿಷು. ಅಪ್ಪ ಪಾಳಿ ಮುಗಿಸಿ ಬಂದರೆ ನಿದ್ದೆ. ಅವ್ವ ಮಾತು ಕಡಿಮೆ. ಹಾಗಾಗಿ ನನಗೆ ಸಿಕ್ಕಿದ ಕನ್ನಡಕ್ಕೆ ಹಲ್ಲಿರಲಿಲ್ಲ, ಎಲೆ ಅಡಿಕೆಯ ಕೆಂಪು ಇತ್ತು. ಆ ಕನ್ನಡದಲ್ಲಿ ಕೆಲವು ಮಾತುಗಳಿಗೆ ಪ್ರವೇಶವೇ ಇರಲಿಲ್ಲ. ಬಳೆ ಒಡೆಯಿತು ಎನ್ನುವಂತಿಲ್ಲ, ಬಳೆ ಹೆಚ್ಚಿದವು ಎನ್ನಬೇಕು. ದೀಪ ಆರಿಸು ಎನ್ನುವುದಂತೂ ಬಾಯಿ ತೊಳೆದುಕೊಳ್ಳಬೇಕಾದ ಮಾತು. ಸಂಜೆ ಗೂಡಿನಲ್ಲಿ ಹಚ್ಚಿದ ದೀಪವನ್ನು ಮಲಗುವ ಮುಂಚೆ ಆರಿಸಬೇಕಾದರೆ ಆಯಿ "ದೀಪಾ ದೊಡ್ಡದ ಮಾಡವಾ" ಎನ್ನುತ್ತಿದ್ದಳು. ನಮ್ಮ ಪಕ್ಕದ ಮನೆ ರತ್ನಮ್ಮಗಾರಿಯ ಮಗಳು ಲಲಿತ ಒಂದು ಸಂಜೆ ನಮ್ಮಲ್ಲಿ ಕೂತಿದ್ದಾಗ ಆಯಿ ಈ ಮಾತು ಅವಳಿಗೆ ಹೇಳಿದಳು. ದೊಡ್ಡ ಎಂಬುದು ತೆಲುಗಿನಲ್ಲೂ ದೊಡ್ಡದೇ. ಆ ಹುಡುಗಿ ಎದ್ದು ಹೋಗಿ ಬತ್ತಿಯನ್ನು ಎಷ್ಟು ಎಳೆದಳೆಂದರೆ ಗೂಡಿನಿಂದ ಮಾಳಿಗೆ ತನಕ ಕಪ್ಪು ಹಿಡಿಯಿತು. ಆಯಿ ನಕ್ಕು ನಕ್ಕು ಮಂಚದಿಂದ ಜಾರಿದಳು. ಗಲಾಟೆ ಕೇಳಿ ಬಂದ ರತ್ನಮ್ಮಗಾರಿಗೆ ನಾನು ವಿಷಯ ಬಿಡಿಸಿ ಹೇಳಿದಾಗ ಅವರು ಸೆರಗು ಬಾಯಿಗೆ ಹಿಡಿದು ಹೇಳಿದ್ದು:

"ಮೇಮೂ ಆರಿಪೋಯಿಂದಿ ಅನಂ, ಮಾಮ್ಮಗಾರು. ದೀಪಂ ಕೊಂಡೆಕ್ಕಿಂದಿ ಅಂಟಾಂ."

ಅಂದರೆ, ನಾವೂ ಆರಿತು ಎನ್ನುವುದಿಲ್ಲ ಅಜ್ಜಿ, ದೀಪ ಗುಡ್ಡ ಹತ್ತಿತು ಎನ್ನುತ್ತೇವೆ. ತೆಲುಗಿನಲ್ಲಿ ಕೊಂಡ ಎಂದರೆ ಗುಡ್ಡ, ಎಕ್ಕುವುದು ಎಂದರೆ ಹತ್ತುವುದು. ಆಯಿಗೆ ಆದ ಸಂತೋಷ ಹೇಳತೀರದು. ನನ್ನ ಕಡೆ ತಿರುಗಿದಳು:

"ಕೇಳಿದೇನ ಗಂಗೂ? ನಮ್ಮ ದೀಪಾ ದೊಡ್ಡದಾಗ್ತೈತಿ, ಇವರ ದೀಪಾ ಗುಡ್ಡಾ ಹತ್ತತೈತಿ. ಯಾರ ಮನೀದೂ ಆರೂದಿಲ್ಲ."

ಆ ಊರಿಗೆ ಬಂದ ಮೇಲೆ ಆಯಿ ತಾನಾಗಿ ಪ್ರೀತಿಯಿಂದ ಎತ್ತಿಕೊಂಡ ತೆಲುಗು ಮಾತು ಅದೊಂದೇ ಇರಬೇಕು. ಹೊಸ ಸೀರೆ ಸಿಕ್ಕವಳ ಹಾಗೆ ಅದನ್ನು ಎಲ್ಲ ಕಡೆ ಉಟ್ಟುಕೊಂಡು ತಿರುಗಿದಳು. ರತ್ನಮ್ಮಗಾರಿಯ ಬಾಯಲ್ಲಿ ಅದು ದೀಪಕ್ಕೆ ಮಾತ್ರ ಇದ್ದದ್ದು, ಆಯಿಯ ಬಾಯಲ್ಲಿ ಬೆಂಕಿ ಇರುವ ಎಲ್ಲದಕ್ಕೂ ಬಂತು. ಅವ್ವನಿಗೆ, "ಒಲಿ ಕೊಂಡೆಕ್ಕಿಂದಿ, ಹಾಲ ಇಳಸವಾ ಸಾವಿತ್ರಿ." ಕರೆಂಟು ಹೋದರೆ, ವಿದ್ಯುತ್ ಸ್ಥಾವರದ ಕಾಲೊನಿಯಲ್ಲೇ ಹೋಗುತ್ತಿತ್ತು, ನೀವು ನಗಬೇಡಿ, "ಕರೆಂಟ ಕೊಂಡೆಕ್ಕಿಂದಿ." ಅಪ್ಪ ಮುನಿಸಿಕೊಂಡು ಕೂತಿದ್ದರೆ, "ಯಾಕೋ, ನಿನ್ನ ಸಿಟ್ಟ ಇನ್ನೂ ಕೊಂಡೆಕ್ಕಿಲ್ಲೇನು?" ರತ್ನಮ್ಮಗಾರು ಕೇಳಿಸಿಕೊಂಡು ನಗುತ್ತಿದ್ದರೇ ವಿನಾ ತಿದ್ದಲಿಲ್ಲ. ಹಿರಿಯರ ಮಾತು ತಿದ್ದುವುದು ಅವರ ಮನೆತನದ ಮರ್ಯಾದೆಯಲ್ಲಿ ಇರಲಿಲ್ಲ. ಕ್ರಮೇಣ ನಮ್ಮ ಮನೆಯ ಕನ್ನಡದಲ್ಲೇ ಅದು ಸೇರಿಹೋಯಿತು. ಕೊಂಡೆಕ್ಕಿತು ಅಂದರೆ ಆರಿತು. ಬೇರೆ ಅರ್ಥ ಇದ್ದೀತೆಂದು ಯಾರಿಗೂ ಹೊಳೆಯದಷ್ಟು ಸಲೀಸಾಗಿ ಸೇರಿತು.

ನನ್ನ ತಂಗಿ ಕಮಲಿಗೆ ಹುಟ್ಟಿದಾಗಿನಿಂದ ಉಬ್ಬಸ. ಆಯಿ ಅದನ್ನು ದಮ್ಮು ಎನ್ನುತ್ತಿದ್ದಳು. ದಮ್ಮು ಹತ್ತಿದ ದಿನ ಮನೆಯ ನಡಿಗೆಯೇ ಬದಲಾಗುತ್ತಿತ್ತು. ಅವ್ವ ಒಗ್ಗರಣೆ ಹಾಕುತ್ತಿರಲಿಲ್ಲ, ಮೆಣಸಿನಕಾಯಿ ಹುರಿಯುತ್ತಿರಲಿಲ್ಲ, ಊದುಬತ್ತಿ ಹಚ್ಚುತ್ತಿರಲಿಲ್ಲ. ಸಪ್ಪೆ ಬೇಳೆಕಟ್ಟು ಉಂಡು ನಾವು ಸದ್ದಿಲ್ಲದೆ ಓಡಾಡುತ್ತಿದ್ದೆವು. ಆಯಿ ಅಜವಾನ ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಮಗುವಿನ ಎದೆಗೆ ಶಾಖ ಕೊಡುತ್ತ, ಕಿವಿಯನ್ನು ಅದರ ಬೆನ್ನಿಗೆ ಒತ್ತಿ ಕೇಳುತ್ತಿದ್ದಳು. ಒಳಗೆ ಬೆಕ್ಕಿನ ಮರಿ ಕೂಗಿದ ಹಾಗೆ ಸದ್ದು. "ಮರಿ ಮಲಗತು ಈಗ" ಎಂದು ಆಯಿ ಹೇಳಿದರೆ ಮನೆಗೆ ಮತ್ತೆ ಮಾತು ಬರುತ್ತಿತ್ತು. ಕಮಲಿ ಆಗ ಇನ್ನೂ ಒಂದನೆಯ ಇಯತ್ತೆ ಮುಗಿಸಿದವಳು. ದಮ್ಮು ಇಳಿದ ಮರುಗಳಿಗೆಯೇ ಎದ್ದು ಆಯಿಯ ಎಲೆ ಅಡಿಕೆ ಚೀಲಕ್ಕೆ ಕೈ ಹಾಕುವ ಜಾತಿ.

ಆ ಬೇಸಿಗೆ ಬೇರೆಯಾಗಿತ್ತು. ಹಿಂದಿನ ಮಳೆ ಸರಿಯಾಗಿ ಬಂದಿರಲಿಲ್ಲ, ಬಿದಿರು ಮೆಳೆಮೆಳೆಯೇ ಒಣಗಿ ನಿಂತಿತ್ತು. ಗುಡ್ಡದ ಆಚೆಯ ತಪ್ಪಲಲ್ಲಿ ಹಿಡಿದ ಬೆಂಕಿ ಎಂದಿನ ಹಾಗೆ ತಾನೇ ಸುಮ್ಮನಾಗಲಿಲ್ಲ. ಅರಣ್ಯದವರು ಹಸಿ ಟೊಂಗೆ ಹಿಡಿದು ಬಡಿಯುತ್ತಿದ್ದಾರೆ, ಒಂದು ಕಡೆ ಬಡಿದರೆ ಇನ್ನೊಂದು ಕಡೆ ಏಳುತ್ತಿದೆ ಎಂದು ಅಪ್ಪ ಪಾಳಿ ಮುಗಿಸಿ ಬಂದು ಹೇಳುತ್ತಿದ್ದರು. ಸೂರ್ಯ ಮಜ್ಜಿಗೆಯಲ್ಲಿ ಬಿದ್ದ ಅರಿಸಿನದ ಕೊಂಬಿನ ಹಾಗೆ ಕಾಣುತ್ತಿದ್ದ. ಬೆಳಗಿನ ಬೂದಿಯೂ ಬದಲಾಯಿತು. ನುಣ್ಣಗಿನ ಬಿಳಿ ಬೂದಿಯ ಮೇಲೆ ಈಗ ಕಪ್ಪು ಎಲೆಗಳು. ನರ ನರವೂ ಕಾಣುವ ಇಡಿಯ ಎಲೆಯೇ ಬೂದಿಯಾಗಿ ಹಾರಿ ಬಂದು ಕಟ್ಟೆಯ ಮೇಲೆ ಇಳಿದಿರುತ್ತಿತ್ತು. ಮುಟ್ಟಿದರೆ ಇಲ್ಲ. ಒರೆಸಲು ಹೋದ ಅವ್ವ ಬಟ್ಟೆ ಹಿಡಿದು ಅದರ ಮುಂದೆ ನಿಂತುಬಿಡುತ್ತಿದ್ದಳು. ಗುಡ್ಡದ ಕೋತಿಗಳು ಮರಿಗಳನ್ನು ಹೊಟ್ಟೆಗೆ ಕಚ್ಚಿಸಿಕೊಂಡು ಕಾಲೊನಿಯ ನೀರಿನ ಟ್ಯಾಂಕಿನ ಸುತ್ತ ಕೂತವು. ಅವನ್ನು ಯಾರೂ ಓಡಿಸಲಿಲ್ಲ. ನಾವು ಕಿಟಕಿಗಳಿಗೆ ಒದ್ದೆ ಚಾದರ ಕಟ್ಟಿ, ಹಗಲೇ ಲೈಟು ಹಾಕಿಕೊಂಡು, ಕಮಲಿಯ ಬೆನ್ನಿನ ಸದ್ದು ಕೇಳುತ್ತ ಇದ್ದೆವು. ಮರಿ ಮಲಗುತ್ತಲೇ ಇರಲಿಲ್ಲ.

ಕಾಲೊನಿಯ ದವಾಖಾನೆಯ ಡಾಕ್ಟರು, ಈ ಗಾಳಿ ತಿಳಿಯಾಗುವ ತನಕ ಮಗುವನ್ನು ಇಲ್ಲಿ ಇಡಬೇಡಿ ಎಂದರು. ಅವ್ವನ ತಂಗಿ, ನಮ್ಮ ನೀಲಾ ಚಿಗವ್ವ, ವಿಶಾಖಪಟ್ನದಲ್ಲಿ ಇದ್ದಳು. ಚಿಗವ್ವನ ಗಂಡ ಬ್ಯಾಂಕಿನ ನೌಕರ, ವರ್ಗವಾಗಿ ಬಂದವರು. ಅಲ್ಲಿಯೂ ಸುತ್ತಲ ಗುಡ್ಡಗಳಲ್ಲಿ ಹೊಗೆ ಕಾಣುತ್ತಿದೆ, ಆದರೆ ಸಂಜೆಗೆ ಸಮುದ್ರದ ಗಾಳಿ ಎದ್ದರೆ ಎಲ್ಲ ತೊಳೆದುಕೊಂಡು ಹೋಗುತ್ತದೆ, ಕಳಿಸಿಬಿಡಿ ಎಂದು ಆಕೆ ಸ್ಥಾವರದ ಆಫೀಸಿಗೆ ಟ್ರಂಕ್ ಕಾಲ್ ಮಾಡಿ ಅಪ್ಪನಿಗೆ ಹೇಳಿದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಜಗಳ. ಅವ್ವ ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿದ್ದು ಆಗಲೇ ಮೊದಲು.

"ನಿನ್ನ ತಂಗಿ ಮನ್ಯಾಗಿನ ಗಾಳಿ ಬಂಗಾರದ್ದೇನು?"

"ಬಂಗಾರದ್ದಲ್ರಿ ಅತ್ಯಾರ. ಸಮುದ್ರದ್ದು."

"ಒಮ್ಮೆ ಬಿಟ್ಟ ಕೂಸು ಮಂದಿ ಕೂಸಾಗ್ತೈತಿ. ನಾನು ಬಲ್ಲೆ."

ಬಲ್ಲವಳೇ. ಬರಗಾಲದ ವರ್ಷವೊಂದರಲ್ಲಿ ಎಳೆಯ ಆಯಿಯನ್ನು ಸೋದರತ್ತೆಯ ಮನೆಯಲ್ಲಿ "ಒಂದು ಸುಗ್ಗಿ ತನಕ" ಎಂದು ಬಿಟ್ಟಿದ್ದರಂತೆ. ಸುಗ್ಗಿಗಳು ಬಂದು ಹೋದವು, ಯಾರೂ ಕರೆಯಲು ಬರಲಿಲ್ಲ. ಆಮೇಲೆ ಬಂದಾಗ ಹೆತ್ತವ್ವನನ್ನು ಏನೆಂದು ಕರೆಯಬೇಕೆಂದೇ ತಿಳಿಯಲಿಲ್ಲ ಎಂದು ಆಯಿ ಒಮ್ಮೆ ನನಗೆ ಹೇಳಿದ್ದಳು. ಅವ್ವನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು:

"ಮಂದಿ ಕೂಸಾಗ್ಲಿ. ಕೂಸು ಉಳೀಲಿ ಮೊದಲ."

ಆಯಿ ಅಂದು ಊಟಕ್ಕೆ ಏಳಲಿಲ್ಲ. ಮರುದಿನ ಕಮಲಿಗೆ ಮತ್ತೆ ದಮ್ಮು ಜೋರಾಗಿ ಹತ್ತಿತು. ಅಪ್ಪ ಯಾರನ್ನೂ ಕೇಳದೆ ವಿಜಯವಾಡದಿಂದ ಹೊರಡುವ ಮಧ್ಯಾಹ್ನದ ಗಾಡಿಗೆ ಹೋಗುವುದು ಎಂದು ತೀರ್ಮಾನಿಸಿದರು. ಅವ್ವ, ಕಮಲಿ, ನಾನು. ಕಾಲೊನಿಯ ಬಸ್ಸು ಗೇಟಿನಿಂದ ನಮ್ಮನ್ನು ಸ್ಟೇಷನ್ನಿಗೆ ಒಯ್ಯುತ್ತದೆ, ಅಪ್ಪ ಬೆಳಗಿನ ಪಾಳಿಯಿಂದ ಬಿಡುವು ಮಾಡಿಕೊಂಡು ಅಲ್ಲಿಗೇ ಬರುತ್ತಾರೆ. ಸೋತ ಆಯಿ ಅಡುಗೆಮನೆಗೆ ಹೋದಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮಗುವಿಗೆ ಇಷ್ಟವೆಂದು ಮಾದಲಿ. ಒಬ್ಬರ ಮೇಲೆ ಸಿಟ್ಟು, ಒಬ್ಬರ ಮೇಲೆ ಅಕ್ಕರೆ ಎರಡೂ ಸೇರಿದ್ದರಿಂದ ಆ ಮಾದಲಿಗೆ ಬೆಲ್ಲ ಒಂದು ಕೈ ಹೆಚ್ಚೇ ಬಿದ್ದಿತ್ತು.

ಹೊರಡುವ ಬೆಳಿಗ್ಗೆ ಗಾಳಿ ನಿಂತಿತು. ಅದೆಷ್ಟೋ ದಿನಗಳ ಮೇಲೆ ಗುಡ್ಡ ಕಂಡಿತು, ನೆತ್ತಿಯ ಮೇಲಿನ ಹಾಳು ಕೋಟೆಯ ಗೋಡೆ ಸಮೇತ. ಬೆಂಕಿ ಆಗ ಆಚೆಯ ಕಣಿವೆಯ ತಳದಿಂದ ಗುಡ್ಡದ ಹಿಂಬದಿ ಹತ್ತತೊಡಗಿತ್ತು, ಹೊಗೆ ಇನ್ನೂ ಕಣಿವೆಯಲ್ಲೇ ತುಂಬಿಕೊಳ್ಳುತ್ತಿತ್ತು. ಇದು ನಮಗೆ ಆಮೇಲೆ ತಿಳಿದದ್ದು. ನಾನು ಬಸ್ಸು ನೋಡಲು ಗೇಟಿಗೆ ಹೋಗಿದ್ದೆ. ಅವ್ವ ಬಚ್ಚಲಲ್ಲಿ ಕಮಲಿಗೆ ಮೈ ಒರೆಸುತ್ತಿದ್ದಳು. ಆಯಿ ಒಬ್ಬಳೇ ಅಂಗಳದಲ್ಲಿ. ಪಕ್ಕದ ಮನೆಯ ಮಾಳಿಗೆಯ ಮೇಲೆ ರತ್ನಮ್ಮಗಾರು ಒಣಹಾಕಿದ್ದ ಸಂಡಿಗೆಗಳನ್ನು ಅವಸರ ಅವಸರವಾಗಿ ಸೀರೆಯ ಮಡಿಲಿಗೆ ಬಾಚಿಕೊಳ್ಳುತ್ತಿದ್ದರು. ಅಲ್ಲಿಂದಲೇ ಕೂಗಿ ಹೇಳಿ ಒಳಗೆ ಹೋದರು:

"ಮಾಮ್ಮಗಾರೂ, ಮಂಟ ಕೊಂಡೆಕ್ಕಿಂದಂಟ."

ಮಂಟ ಎಂದರೆ ಉರಿ. ಬೆಂಕಿ ಗುಡ್ಡ ಹತ್ತಿತಂತೆ ಎಂದು ಅವರು ಹೇಳಿದ್ದು, ಅದೂ ಬರಿ ಗುಡ್ಡ, ಬರಿ ಹತ್ತುವುದು. ಅರೆ ಒಣಗಿದ ಸಂಡಿಗೆಯನ್ನು ಯಾಕೆ ಬಾಚುತ್ತಿದ್ದಾರೆ ಎಂದು ಆಯಿ ಯೋಚಿಸಲಿಲ್ಲ. ನಾನು ಬಸ್ಸು ಬಂತೆಂದು ಹೇಳಲು ಓಡಿ ಬಂದಾಗ ಆಕೆ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೂ ಸೌಟು.

"ಸಾವಿತ್ರಿ, ಬೆಂಕಿ ಕೊಂಡೆಕ್ಕಿತಂತ. ರತ್ನಮ್ಮ ಹೇಳಿದ್ಲು."

"ಖರೇನ್ರಿ?"

"ಹೊರಗ ಬಂದ ನೋಡ. ಗುಡ್ಡಾ ತೊಳದಿಟ್ಟಂಗ ಕಾಣಾಕತ್ತೈತಿ. ಗಂಗೂ, ಬಸ್ಸಿನಂವಗ ಹೋಗಂತ ಹೇಳವಾ."

ಅವ್ವ ಹೊರಗೆ ಬಂದಳು, ಗುಡ್ಡ ನೋಡಿದಳು, ಮಗುವಿನ ಬೆನ್ನಿಗೆ ಕಿವಿ ಇಟ್ಟಳು. ತಿಳಿ ಗಾಳಿಗೆ ಕಮಲಿಯ ಉಸಿರು ಸ್ವಲ್ಪ ಹಗುರಾಗಿತ್ತು. ಅವ್ವನಿಗೂ ಒಳಗೊಳಗೆ ಹೋಗುವುದು ಬೇಡವಾಗಿತ್ತೋ ಏನೋ, ಒಪ್ಪಿದಳು. ನಾನು ಬಸ್ಸಿಗೆ ಹೇಳಿ ಬಂದೆ, ಅಪ್ಪನಿಗೂ ಸುದ್ದಿ ಮುಟ್ಟಿಸಲು ಡ್ರೈವರನಿಗೆ ಒಪ್ಪಿಸಿದೆ. ಆಯಿ ಚಾದರಗಳನ್ನು ಬಿಚ್ಚಿ ಕಿಟಕಿಗಳನ್ನೆಲ್ಲ ತೆರೆದಳು. ಕಮಲಿಯನ್ನು ಅಂಗಳದ ಹೊರಸಿನ ಮೇಲೆ ಕೂರಿಸಿ, ದಾರಿಗೆಂದು ಕಟ್ಟಿದ್ದ ಬುತ್ತಿಯನ್ನು ಅಲ್ಲೇ ಬಿಚ್ಚಿದೆವು. ಎಷ್ಟೋ ದಿನಗಳ ಮೇಲೆ ಒಗ್ಗರಣೆಯ ಚಟ್ನಿ, ಮಾದಲಿಗೆ ಹಾಲು. ಅವ್ವ, ಬೆಲ್ಲ ಹೆಚ್ಚಾಗಿದೆ ಎಂದಳು. ಆಯಿ, "ನಿನಗಲ್ಲ ಮಾಡಿದ್ದು" ಎಂದಳು. ಇಬ್ಬರೂ ನಕ್ಕರು. ಅತ್ತೆ ಸೊಸೆ ಒಂದೇ ತಟ್ಟೆಗೆ ಕೈ ಹಾಕಿ ಉಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊಟವಾಗಿ ಕೈ ತೊಳೆಯುವ ಹೊತ್ತಿಗೆ ಬೆಳಕಿನ ಬಣ್ಣ ತಿರುಗಿತು. ಮೊದಲು ಸದ್ದು ಬಂತು, ಮದುವೆ ಮೆರವಣಿಗೆಯ ಪಟಾಕಿಯ ಹಾಗೆ. ಬಿದಿರಿನ ಗಿಣ್ಣುಗಳು ಕಾದು ಸಿಡಿಯುವ ಸದ್ದು. ಪಡುವಣ ಗಾಳಿ ಎದ್ದಿತು. ಕೋಟೆ ಗೋಡೆಯ ಹಿಂದಿನಿಂದ ಹೊಗೆ ತಲೆ ಎತ್ತಿ, ಒಂದು ಗಳಿಗೆ ನಿಂತು, ಆಮೇಲೆ ಉಕ್ಕಿದ ಹಾಲು ಪಾತ್ರೆಯ ಮೈಮೇಲೆ ಇಳಿದ ಹಾಗೆ ಗುಡ್ಡದ ಈಚೆ ಮೈಯಲ್ಲಿ ಇಳಿಯತೊಡಗಿತು. ಅದರ ಹಿಂದೆ ಕೆಂಪು. ನಾವು ಕಿಟಕಿ ಮುಚ್ಚುವುದರೊಳಗೆ ಅದು ಮನೆಯ ಒಳಗಿತ್ತು. ಕಮಲಿ ಕೆಮ್ಮಲಿಲ್ಲ, ಅಳಲಿಲ್ಲ. ಎರಡೂ ಕೈಗಳನ್ನು ಹಾಸಿಗೆಗೆ ಊರಿ, ಭುಜ ಮೇಲೆತ್ತಿ, ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಯಿತು. ರತ್ನಮ್ಮಗಾರು ಮುಖಕ್ಕೆ ಒದ್ದೆ ಟವಲು ಸುತ್ತಿಕೊಂಡು ನಮ್ಮ ಬಾಗಿಲು ಭದ್ರವಾಗಿದೆಯೇ ನೋಡಲು ಬಂದವರು ನಮ್ಮನ್ನು ಕಂಡು ಹೊಸ್ತಿಲಲ್ಲೇ ನಿಂತರು.

"ಮೀರಿಂಕಾ ವೆಳ್ಳಲೇದಾ?" ಇನ್ನೂ ಹೋಗಿಲ್ಲವೇ ಎಂದರು.

ಆಯಿ ಕನ್ನಡದಲ್ಲೇ ಹೇಳಿದಳು. "ನೀನ ಹೇಳಿದಿ ಅಲ್ಲವಾ. ಕೊಂಡೆಕ್ಕಿಂದಿ ಅಂತ."

"ಅವುನು ಮಾಮ್ಮಗಾರು, ಕೊಂಡೆಕ್ಕಿಂದಿ."

ಹೌದು, ಹತ್ತಿತು ಎಂದು ಅವರು ಕೈ ಎತ್ತಿ ಗುಡ್ಡವನ್ನೇ ತೋರಿಸಿದರು. ಕೈ ಎತ್ತಿದವರಿಗೆ ಆ ಕೈ ಇಳಿಸುವ ಮೊದಲೇ ಎಲ್ಲ ಅರ್ಥವಾಗಿರಬೇಕು, ಟವಲಿನ ಮೇಲಿನ ಕಣ್ಣುಗಳು ಹಾಗೆ ಅಗಲವಾದವು. ಆಯಿ ಆ ಬೆರಳನ್ನು ನೋಡಿದಳು, ಗುಡ್ಡವನ್ನು ನೋಡಿದಳು. ರತ್ನಮ್ಮಗಾರಿಯ ಗಂಡ ಸ್ಕೂಟರಿನಲ್ಲಿ ಹೋಗಿ ದವಾಖಾನೆಯ ವ್ಯಾನು ಕರೆತಂದರು. ಅದರಲ್ಲಿ ಅವ್ವ, ಮಗು, ಕಂಪೌಂಡರು ಇಷ್ಟಕ್ಕೇ ಜಾಗ. ಆಯಿ ವ್ಯಾನಿನ ಬಾಗಿಲು ಹಿಡಿದುಕೊಂಡಳು. ಅವ್ವ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒರಟಾಗಿ ಅಲ್ಲ. ಆದರೆ ಬಿಡಿಸಿದಳು.

ವಿಜಯವಾಡದ ದೊಡ್ಡಾಸ್ಪತ್ರೆಗೆ ಹೋಗುವಾಗ ಒನ್ ಟೌನ್ ಪೇಟೆಯ ಸಂದಿಗಳಲ್ಲಿ ಕೈಗಾಡಿ, ಮೂಟೆಗಳ ನಡುವೆ ವ್ಯಾನು ಸಿಕ್ಕಿಕೊಂಡಾಗ ವ್ಯಾಪಾರಿಗಳೇ ಇಳಿದು ದಾರಿ ಬಿಡಿಸಿದರೆಂದು ಅವ್ವ ಆಮೇಲೆ ಹೇಳಿದಳು. ನಮಗೆ ಆಗ ಏನೂ ಗೊತ್ತಿಲ್ಲ. ಆಯಿ ವರಾಂಡದ ನೆಲದ ಮೇಲೆ ಕೂತಿದ್ದಳು, ರತ್ನಮ್ಮಗಾರು ಸ್ವಲ್ಪ ದೂರದಲ್ಲಿ ಕೂತಿದ್ದರು, ನಾನು ನಡುವೆ. 'ಉಳೀಲಿ' ಎಂದು ಬಾಯಿಬಿಟ್ಟು ಕೇಳಿಕೊಳ್ಳಲೂ ಆಯಿಗೆ ಆಗಲಿಲ್ಲ. ಹಾಗೆ ಕೇಳಿದರೆ ಉಳಿಯದಿರುವುದನ್ನೂ ಹೇಳಿದ ಹಾಗೆ. ಸಂಜೆ ಅಪ್ಪ ಸ್ಥಾವರದಿಂದ ನೇರ ಆಸ್ಪತ್ರೆಗೆ ಹೋದರು. ಮರುದಿನ ಬೆಳಿಗ್ಗೆ ಬಂದು, ಉಸಿರು ತಿರುಗಿದೆ, ಮಗು ಇಡ್ಲಿ ಕೇಳಿತು ಎಂದರು. ಆಯಿಯ ತಲೆ ಮೊಣಕಾಲ ಮೇಲೆ ಬಿತ್ತು. ಅಪ್ಪ ಕೂರಲಿಲ್ಲ. ವರಾಂಡದಲ್ಲಿ ಇನ್ನೂ ಕಟ್ಟಿಯೇ ಇದ್ದ ಬ್ಯಾಗನ್ನು ಎತ್ತಿಕೊಂಡರು. ಆಸ್ಪತ್ರೆಯಿಂದ ಕಮಲಿ ಮನೆಗೆ ಬರಲಿಲ್ಲ, ಅವ್ವನ ಜೊತೆ ಸೀದಾ ವಿಶಾಖಪಟ್ನದ ಗಾಡಿ ಹತ್ತಿದಳು.

ಗುಡ್ಡ ಮೊದಲ ಮಳೆ ಬೀಳುವ ತನಕ ಉರಿಯಿತು. ಮಳೆಯಾದ ಮೇಲೆ ಅವ್ವ ಒಬ್ಬಳೇ ವಾಪಸು ಬಂದಳು, ಡಾಕ್ಟರು ಇನ್ನೊಂದು ವರ್ಷವಾದರೂ ಅಲ್ಲೇ ಇರಲಿ ಎಂದಿದ್ದರಿಂದ ಮಗುವನ್ನು ಅಲ್ಲಿನ ಶಾಲೆಗೆ ಸೇರಿಸಿ. ಆಕೆ ಆಯಿಯನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಚೆನ್ನಿತ್ತು. ಒರೆಸುವಾಗ ಎಲ್ಲಿ ಬಿಟ್ಟಿದ್ದೇವೆ ಎಂದು ತೋರಿಸುವ ಬೆರಳು ನಮ್ಮ ಮನೆಯಲ್ಲಿ ಈಗ ಇರಲಿಲ್ಲ. ಒಂದು ಸಂಜೆ ಆಯಿ ಮಂಚದ ಮೇಲಿನಿಂದ ನನಗೆ ಹೇಳಿದಳು, "ಗಂಗೂ, ದೀಪಾ ಆರಸು." ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ನನ್ನ ಕೈ ಬತ್ತಿಯ ಹತ್ತಿರ ಹೋಗಲೇ ಒಲ್ಲದು. "ಆರಸು ಅಂದೆ. ಆರಸೂದಂದ್ರ ಆರಸೂದ" ಎಂದಳು ಆಯಿ.

ತೆಲುಗನ್ನು ಆಕೆ ಪೂರ್ತಿ ಬಿಟ್ಟಳು. ರತ್ನಮ್ಮಗಾರು ಬಂದು ಕಾಲಿಗೆ ಬಿದ್ದರು. ಆಯಿ ಎಬ್ಬಿಸಿ, ನನ್ನ ಕಡೆ ತಿರುಗಿ, "ಆಕಿ ತಪ್ಪೇನೂ ಹೇಳಿಲ್ಲಂತ ಹೇಳವಾ. ಖರೇನ ಹೇಳಿದ್ಲು" ಎಂದಳು. ನಾನು ತೆಲುಗಿನಲ್ಲಿ ಹೇಳಿದೆ. ಅಂದಿನಿಂದ ಅವರಿಬ್ಬರ ನಡುವೆ, ತರಕಾರಿಯವನ ಜೊತೆ, ಹಾಲಿನವಳ ಜೊತೆ, ಎಲ್ಲದಕ್ಕೂ ನಾನು. ಆಯಿಗೆ ಎದುರಿನವರ ಮಾತು ಪೂರಾ ತಿಳಿಯುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತು. ಆದರೂ ನನ್ನ ಮುಖ ನೋಡಿ "ಏನಂತಾರ?" ಎಂದು ಕೇಳಿ, ನಾನು ಕನ್ನಡದಲ್ಲಿ ಹೇಳಿದ ಮೇಲೆಯೇ ಉತ್ತರ. ಒಂದು ಮಾತನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುವ ಮುಂಚೆ ಅದನ್ನು ತಿರುವಿ ಮುರುವಿ ನೋಡುವ ಚಟ ನನಗೆ ಅಂಟಿದ್ದು ಆಗ. ಇಂದಿಗೂ ಯಾರಾದರೂ "ಅರ್ಥ ಆಯ್ತಾ?" ಎಂದರೆ ನಾನು ತಕ್ಷಣ ಹೂಂ ಎನ್ನುವುದಿಲ್ಲ. ಮನೆಯವರು ನನ್ನನ್ನು ನಿಧಾನಿ ಎನ್ನುತ್ತಾರೆ.

ಮರುವರ್ಷದ ದಸರೆ ರಜೆಯಲ್ಲಿ ಆಯಿ ತಾನೂ ವಿಶಾಖಪಟ್ನಕ್ಕೆ ಬರುತ್ತೇನೆ ಎಂದಳು. ಗುಡ್ಡ ಮತ್ತೆ ಹಸಿರಾಗಿದೆ, ಹೊಗೆ ಇಲ್ಲ, ಕೂಸನ್ನು ಕರೆದುಕೊಂಡು ಬರೋಣ. ಅವ್ವ ಬೇಡವೆನ್ನಲಿಲ್ಲ. ದ್ವಾರಕಾ ನಗರದ ಒಂದು ಸಂದಿಯಲ್ಲಿ, ಅಂಗಡಿಯ ಮೇಲಿನ ಮಹಡಿಯಲ್ಲಿ ಚಿಗವ್ವನ ಮನೆ. ಕಡಿದಾದ ಮೆಟ್ಟಿಲು. ಆಯಿ ನಡುವೆ ನಿಂತು ನಿಂತು ಹತ್ತುತ್ತಿದ್ದಾಗ ಮೇಲಿನಿಂದ ಒಬ್ಬಳು ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದು, ನಮ್ಮ ಚೀಲ ಕಸಿದುಕೊಂಡು, ಹಾಗೆಯೇ ಹಾರುತ್ತ ಹತ್ತಿಹೋದಳು. ಕಮಲಿ. ಮೈ ತುಂಬಿದ್ದಳು, ಕೆನ್ನೆಗೆ ಬಿಸಿಲಿನ ಬಣ್ಣ ಬಂದಿತ್ತು, ಬಾಯಿಗೆ ಶಾಲೆಯ ತೆಲುಗು. ಆ ದಿನವೆಲ್ಲ ಆಯಿಗೆ ಏನೇನೋ ಬೇಕಾಯಿತು. ಕೆಳಗಿನ ಅಂಗಡಿಯಿಂದ ಸುಣ್ಣದ ಡಬ್ಬಿ ಬೇಕು. ತಂದರೆ, ಎಲೆ ಬೇಕು. ತಂದರೆ, ಅಡಿಕೆ. ಬಂದವಳನ್ನು ಪ್ರತಿಸಲ ಹತ್ತಿರ ಕರೆದು ಬೆನ್ನು ಸವರುವ ನೆವದಲ್ಲಿ ಕಿವಿ ಹಚ್ಚುತ್ತಿದ್ದಳು.

"ಯಾಕ್ರಿ ಅತ್ಯಾ, ಹುಡುಗೀನ ಹಿಂಗ್ಯಾಕ ಓಡಸಾಕತ್ತೀರಿ?" ಎಂದಳು ಚಿಗವ್ವ.

"ಓಡ್ಲಿ ಬಿಡವಾ. ಕಾಲ ಅದಾವು."

ಸಂಜೆ ಆಯಿ ಕಮಲಿಯನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಊರಿಂದ ಹೊಲಿಸಿ ತಂದ ಹೊಸ ಫ್ರಾಕು ಪಕ್ಕದಲ್ಲಿತ್ತು. ನಾಡಿದ್ದು ನಮ್ಮ ಜೊತೆ ಗಾಡಿ ಹತ್ತುವಾಗ ಹಾಕಲೆಂದು. ಆ ಮಾತನ್ನು ಹೇಗೆ ಎತ್ತಬೇಕೆಂದು ಅವ್ವ ಚಿಗವ್ವನ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ಕಮಲಿ ತಲೆ ಅಲ್ಲಾಡಿಸದೆ, ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿ ಕೇಳಿದಳು:

"ಅಕ್ಕಾ, ಈ ಮಾಮ್ಮ ಎಪ್ಪುಡು ವೆಳ್ತುಂದಿ?"

ಈ ಅಜ್ಜಿ ಯಾವಾಗ ಹೋಗುತ್ತಾಳೆ? ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮನೆಗೆ ಬಂದ ನೆಂಟರ ಬಗ್ಗೆ ಆ ಮನೆಯ ಮಕ್ಕಳು ಕೇಳುವ ಹಾಗೆ ಕೇಳಿದ್ದು. ಅವ್ವ ತಲೆ ತಗ್ಗಿಸಿದಳು. ಚಿಗವ್ವ ಒಳಗೆ ಹೋದಳು. ಹೆಣೆಯುತ್ತಿದ್ದ ಬೆರಳುಗಳು ನಿಂತವು, ಮತ್ತೆ ನಡೆದವು. ಆಯಿ ನನ್ನ ಮುಖ ನೋಡಿದಳು.

"ಏನಂತಾಳ?"

"ಇನ್ನ ಎಷ್ಟ ದಿನಾ ಇರ್ತಿ ಅಂತ ಕೇಳಾಕತ್ತಾಳ, ಆಯಿ."

ಆಯಿ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಜಡೆಯ ತುದಿಗೆ ರಿಬ್ಬನ್ನು ಕಟ್ಟಿ, ಎರಡು ಸಲ ಎಳೆದು ಗಟ್ಟಿ ಇದೆಯೇ ನೋಡಿದಳು.

"ನಾಳಿ ಹೊರಡ್ತೀವಿ ಅಂತ ಹೇಳವಾ. ಸಾವಿತ್ರಿ, ಆ ಫ್ರಾಕ್ ನೀಲಾನ ಕೈಯಾಗ ಕೊಡು. ಇಲ್ಲೇ ಹಾಕ್ಕೊಳ್ಳಲಿ."

"ಅತ್ಯಾರ," ಎಂದಳು ಅವ್ವ.

"ಮೆಟ್ಟಲಾ ಹೆಂಗ ಹತ್ತತಾಳ ನೋಡಲಿಲ್ಲೇನು ನೀನು?"

ನಾನು ಕಮಲಿಗೆ "ರೇಪು" ಎಂದೆ, ನಾಳೆ. ಅವಳು ಸರಿ ಎಂದು ಎದ್ದು, ಕೆಳಗೆ ಕೂಗುತ್ತಿದ್ದ ಗೆಳತಿಯರ ಹತ್ತಿರ ಓಡಿದಳು. ಕಾಲಿನ ಸದ್ದು ಮೆಟ್ಟಿಲಿಳಿದು, ಸಂದಿ ದಾಟಿ, ಬೀದಿಯ ಗದ್ದಲದಲ್ಲಿ ಸೇರಿಹೋಗುವ ತನಕ ಆಯಿ ಬಾಚಣಿಕೆ ಹಿಡಿದು ಕೇಳುತ್ತ ಕೂತಿದ್ದಳು.